ಎರಡು ಟ್ಯಾಂಕು, ಮೂರು ಬಗೆಯ ವಾಲ್ವು: ಹಳೆಯ ಜಿಎಂಸಿ ಮೋಟರ್‌ಹೋಮಿಗೆ ಯಾವುದನ್ನು ಕೊಳ್ಳಬೇಕು

ಎರಡು ಪೆಟ್ರೋಲ್ ಟ್ಯಾಂಕುಗಳಲ್ಲಿ ಯಾವುದರಿಂದ ಎಂಜಿನ್ನಿಗೆ ಹೋಗಬೇಕು ಎಂದು ಆರಿಸುವ ವಾಲ್ವಿನ ಮಾತು ಇದು. ಮೊದಲೇ ತೀರ್ಪು ಹೇಳಿಬಿಡೋಣ. ಎಂಜಿನ್ ಮೇಲೆ ಇನ್ನೂ ಕಾರ್ಬೊರೇಟರ್ ಕೂತಿದ್ದರೆ ಮೂರು ಮೂತಿಯ ಸೊಲೆನಾಯ್ಡ್ ವಾಲ್ವು ಸಾಕು. ಹಿಂದಿನ ಮಾಲೀಕರೋ ನೀವೋ ಅದನ್ನು ತೆಗೆದು ಫ್ಯೂಯಲ್ ಇಂಜೆಕ್ಷನ್ ಹಾಕಿದ್ದರೆ ಆರು ಮೂತಿಯ ಮೋಟಾರ್ ವಾಲ್ವೇ ಬೇಕು, ಅಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಕೈಯಲ್ಲಿ ತಿರುಗಿಸುವ ಹಿತ್ತಾಳೆ ವಾಲ್ವು ಮೂರರಲ್ಲೂ ಗಟ್ಟಿ ಆಸಾಮಿ, ಆದರೆ ಅದನ್ನು ಕೂರಿಸಲು ಈ ಗಾಡಿಯಲ್ಲಿ ಯೋಗ್ಯವಾದ ಜಾಗ ಸಿಗುವುದು ಕಷ್ಟ. ಇನ್ನೊಂದು ಮಾತು: ವಾಲ್ವಿನ ತಲೆಗೆ ಕಟ್ಟುವ ಆಪಾದನೆಗಳಲ್ಲಿ ಎಷ್ಟೋ ನಿಜವಾಗಿ ಬಿರುಕುಬಿಟ್ಟ ಹೋಸಿನದು, ಇಲ್ಲವೇ ತುಕ್ಕು ಹಿಡಿದ ಅರ್ತಿನದು (ಚಾಸಿಯ ಮೂಲಕ ಬ್ಯಾಟರಿಯ ಮೈನಸ್ಸಿಗೆ ಸೇರುವ ಸಂಪರ್ಕ). ಹೊಸ ವಾಲ್ವು ತರಿಸುವ ಮೊದಲು ಅವೆರಡನ್ನೂ ನೋಡಿ.

ಮಾತು ಇಲ್ಲಿ 1973ರಿಂದ 1978ರವರೆಗೆ ಬಂದ ಜಿಎಂಸಿ ಮೋಟರ್‌ಹೋಮಿನದು. 23 ಅಡಿ ಮತ್ತು 26 ಅಡಿ ಉದ್ದದ, ಮುಂದಿನ ಚಕ್ರ ಎಳೆಯುವ, ಹಿಂದೆ ಗಾಳಿಚೀಲದ ಸಸ್ಪೆನ್ಷನ್ ಇರುವ ಗಾಡಿ. ಮೊದಲಿಗೆ ಓಲ್ಡ್ಸ್‌ಮೊಬೈಲಿನ 455 ಘನ ಇಂಚಿನ ವಿ8 ಎಂಜಿನ್, ಕೊನೆಯ ವರ್ಷಗಳಲ್ಲಿ 403. ನೆಲದಡಿ 25 ಗ್ಯಾಲನ್ನಿನ ಎರಡು ಟ್ಯಾಂಕು, ಅಂದರೆ ಒಟ್ಟು 50 ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 190 ಲೀಟರ್. ಪೆಟ್ರೋಲ್ ತುಂಬಿಸುವ ಬಾಯಿ ಒಂದೇ, ಒಳಗೆ ಅದು ಎರಡಕ್ಕೂ ಹಂಚಿಕೊಳ್ಳುತ್ತದೆ. ಎಂಜಿನ್ನಿಗೆ ಯಾವ ಟ್ಯಾಂಕಿನಿಂದ ಹೋಗಬೇಕು ಎಂದು ಆರಿಸುವುದು ಮಾತ್ರ ಡ್ಯಾಶ್‌ಬೋರ್ಡಿನ ಒಂದು ಸ್ವಿಚ್ಚು ಮತ್ತು ಚಾಸಿಗೆ ಬಿಗಿದ ಒಂದು ವಾಲ್ವು. ಅಮೆರಿಕದಲ್ಲಿ ಇಂಥದೊಂದು ಗಾಡಿ ಕೊಂಡು ಬೇಸಿಗೆ ರಜೆಗೆ ಸಿದ್ಧಮಾಡುತ್ತಿರುವ ಕನ್ನಡಿಗರಿಗೆ ಈ ಬರಹ ಉಪಯೋಗಕ್ಕೆ ಬಂದೀತು. ಎರಡು ಟ್ಯಾಂಕಿನ ಹಳೆಯ ಶೆವ್ರೊಲೆ, ಫೋರ್ಡ್ ಚಾಸಿಯ ಗಾಡಿಗಳಿಗೂ ಬಹುಪಾಲು ಇದೇ ಅನ್ವಯ, ಗೇಜಿನ ಅಂಕಿಗಳನ್ನು ಬಿಟ್ಟು.

ಮೈಸೂರಿನ ಯೆಜ್ಡಿಯನ್ನೋ ಬುಲೆಟ್ಟನ್ನೋ ಓಡಿಸಿದವರು ಇದನ್ನು 'ರಿಸರ್ವ್' ಅಂದುಕೊಳ್ಳುವುದುಂಟು. ಹಾಗಲ್ಲ. ಬೈಕಿನ ರಿಸರ್ವ್ ಅಂದರೆ ಒಂದೇ ಟ್ಯಾಂಕಿನ ತಳದ ಪೆಟ್ರೋಲು, ಅದು ತನ್ನ ಭಾರಕ್ಕೆ ತಾನೇ ಇಳಿದು ಬರುತ್ತದೆ. ಇಲ್ಲಿ ಪೆಟ್ರೋಲನ್ನು ಟ್ಯಾಂಕಿನ ತಲೆಯ ಮೇಲಿನ ಕೊಳವೆಯಿಂದ ಹೀರಿ ಮೇಲೆತ್ತಬೇಕು, ಆಮೇಲೆ ಗಾಡಿಯ ಅರ್ಧ ಉದ್ದ ದಾಟಿಸಿ ಮುಂದಿರುವ ಎಂಜಿನ್ನಿಗೆ ತಲುಪಿಸಬೇಕು. ಹೀರುವ ದಾರಿಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಪಂಪು ಪೆಟ್ರೋಲಿನ ಬದಲು ಗಾಳಿ ಎಳೆಯುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಈ ಗಾಡಿಯ ಪೆಟ್ರೋಲ್ ತೊಂದರೆಗಳ ಬೇರು ಹೆಚ್ಚಾಗಿ ಇಲ್ಲೇ.

ಮೂರು ಮೂತಿಯ ಸೊಲೆನಾಯ್ಡ್

ಕಂಪನಿಯಿಂದ ಬಂದದ್ದು ಈ ಬಗೆಯದೇ. ಮೂತಿ ಮೂರು: ಮುಖ್ಯ ಟ್ಯಾಂಕಿನಿಂದ ಒಂದು, ಎರಡನೆಯ ಟ್ಯಾಂಕಿನಿಂದ ಒಂದು, ಎಂಜಿನ್ನಿಗೆ ಒಂದು. ಕರೆಂಟು ಇಲ್ಲದಾಗ ಒಳಗಿನ ಸ್ಪ್ರಿಂಗು ಮುಖ್ಯ ಟ್ಯಾಂಕಿನ ದಾರಿಯನ್ನು ತೆರೆದಿಟ್ಟಿರುತ್ತದೆ. 12 ವೋಲ್ಟ್ ಕೊಟ್ಟಾಗ ಸುರುಳಿಯ ಅಯಸ್ಕಾಂತ ಪ್ಲಂಜರನ್ನು (ಒಳಗೆ ಜಾರುವ ಕಡ್ಡಿಯನ್ನು) ಎಳೆದು ದಾರಿ ಬದಲಿಸುತ್ತದೆ. ಸರಳ, ಅಗ್ಗ, ಹಳೆಯ ಬ್ರ್ಯಾಕೆಟ್ಟಿನಲ್ಲೇ ಕೂರುತ್ತದೆ, ವಯರಿಂಗ್ ಮುಟ್ಟಬೇಕಾಗಿಲ್ಲ.

ಗುಣವೂ ದೋಷವೂ ಒಂದೇ ಕಡೆ ಇವೆ. ಎರಡನೆಯ ಟ್ಯಾಂಕಿನಲ್ಲಿ ಓಡುವಷ್ಟು ಹೊತ್ತೂ ಸುರುಳಿಗೆ ಕರೆಂಟು ಬೇಕು. ಗಂಟೆಗಟ್ಟಲೆ ಓಡಿದರೆ ವಾಲ್ವು ಕೈ ಸುಡುವಷ್ಟು ಬಿಸಿಯಾಗುತ್ತದೆ, ಅದು ಸಹಜ. ಆದರೆ ದಾರಿಯಲ್ಲಿ ಫ್ಯೂಸು ಹೋದರೆ, ವಯರು ಉದುರಿದರೆ, ವಾಲ್ವು ತಾನಾಗಿ ಮುಖ್ಯ ಟ್ಯಾಂಕಿಗೆ ಮರಳುತ್ತದೆ. ಮುಖ್ಯ ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದರೆ ಇದು ವರ. ಅದನ್ನು ಮೊದಲೇ ಬರಿದು ಮಾಡಿ ಎರಡನೆಯದಕ್ಕೆ ಬಂದಿದ್ದರೆ, ಎರಡನೆಯದು ತುಂಬಿದ್ದರೂ ರಸ್ತೆ ಬದಿಯಲ್ಲಿ ನಿಲ್ಲಬೇಕು. ಹಾಗಾಗಿ ಅಭ್ಯಾಸ ತಿರುಗುಮುರುಗಾಗಿರಲಿ: ಮೊದಲು ಎರಡನೆಯ ಟ್ಯಾಂಕನ್ನು ಖರ್ಚು ಮಾಡಿ, ಮುಖ್ಯದ್ದನ್ನು ಕೊನೆಗೆ ಇಟ್ಟುಕೊಳ್ಳಿ. ಆಗ ವಾಲ್ವು ಯಾವ ಗಳಿಗೆಯಲ್ಲಿ ಕೈಕೊಟ್ಟರೂ ಪೆಟ್ರೋಲ್ ಇರುವ ಕಡೆಗೇ ಬೀಳುತ್ತದೆ.

ಗೇಜಿನ ವಿಷಯದಲ್ಲಿ ಇದು ಸುಳ್ಳು ಹೇಳಬಲ್ಲದು. ಮೂರು ಮೂತಿಯ ವಾಲ್ವಿರುವ ಗಾಡಿಗಳಲ್ಲಿ ಯಾವ ಟ್ಯಾಂಕಿನ ಮಟ್ಟ ತೋರಿಸಬೇಕು ಎಂಬುದನ್ನು ಬದಲಿಸುವುದು ಡ್ಯಾಶ್‌ಬೋರ್ಡಿನ ಸ್ವಿಚ್ಚು, ವಾಲ್ವಿಗೆ ಅದರಲ್ಲಿ ಪಾತ್ರವಿಲ್ಲ. ಸ್ವಿಚ್ಚು ಒತ್ತಿದಾಗ ಮುಳ್ಳು ಜಿಗಿಯಿತು ಎಂದರೆ ಸ್ವಿಚ್ಚು ಕೆಲಸ ಮಾಡಿತು ಎಂದಷ್ಟೇ ಅರ್ಥ. ವಾಲ್ವು ಅಲ್ಲಾಡದೆ ಅಂಟಿಕೊಂಡಿದ್ದರೂ ಮುಳ್ಳು 'ತುಂಬಿದೆ' ಎನ್ನುತ್ತಲೇ ಇರುತ್ತದೆ, ಎಂಜಿನ್ ಅತ್ತ ಬರಿದಾದ ಟ್ಯಾಂಕನ್ನು ಹೀರುತ್ತಿರುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು ಮೂರು. ಮೂತಿಗಳು 3/8 ಇಂಚಿನವೇ ಎಂದು ಕ್ಯಾಲಿಪರ್ ಇಟ್ಟು ಅಳೆಯಿರಿ. ಕೆಲವು 5/16ರವು ಕಣ್ಣಿಗೆ ಹಾಗೇ ಕಾಣುತ್ತವೆ, ಕ್ಲ್ಯಾಂಪು ಬಿಗಿದು ಸರಿಮಾಡಿದ ಹೋಸು ಆರು ತಿಂಗಳಲ್ಲಿ ಗಾಳಿ ಎಳೆಯಲು ಶುರುಮಾಡುತ್ತದೆ. ಎರಡನೆಯದು, ಒಳಗಿನ ರಬ್ಬರು ಎಥನಾಲ್ ತಾಳುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರಬೇಕು. ಅಮೆರಿಕದ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ 10 ಶೇಕಡದವರೆಗೆ ಎಥನಾಲ್ ಇರುತ್ತದೆ. ಗೋದಾಮಿನಲ್ಲಿ ನಲವತ್ತು ವರ್ಷ ಮಲಗಿದ್ದ 'ಅಸಲಿ ಹಳೆಯ ಮಾಲು' ಎಂದು ಮಾರುವ ವಾಲ್ವಿನ ರಬ್ಬರು ಆ ಕಾಲದ್ದು, ಅದರ ಮೋಹ ಬೇಡ. ಮೂರನೆಯದು, ಹೆಸರಿಲ್ಲದ ಅಗ್ಗದ ನಕಲುಗಳಲ್ಲಿ ಮೂತಿಗಳ ಸ್ಥಾನ ಕನ್ನಡಿಯಲ್ಲಿ ನೋಡಿದಂತೆ ಅದಲುಬದಲಾಗಿರುವುದುಂಟು. ಹಳೆಯದು ಇದ್ದ ಜಾಗ ನೋಡಿ ಹೋಸು ಹಾಕಬೇಡಿ, ವಾಲ್ವಿನ ಮೈಮೇಲಿನ ಅಕ್ಷರ ಓದಿ ಹಾಕಿ.

ಕೂರಿಸುವ ಮೊದಲು ಮೇಜಿನ ಮೇಲೆ ಪರೀಕ್ಷೆ ಮಾಡಿ. ಕರೆಂಟಿಲ್ಲದೆ ಎಂಜಿನ್ ಕಡೆಯ ಮೂತಿಗೆ ಊದಿದರೆ ಗಾಳಿ ಮುಖ್ಯ ಟ್ಯಾಂಕಿನ ಮೂತಿಯಿಂದ ಮಾತ್ರ ಬರಬೇಕು. ಬ್ಯಾಟರಿ ತಾಗಿಸಿದರೆ ಟಕ್ ಎಂದು ಇನ್ನೊಂದರಿಂದ ಬರಬೇಕು. ಊದಿ ನೋಡಿದರಷ್ಟೇ ಸಾಲದು, ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪು ಇದ್ದರೆ ಮುಚ್ಚಿರುವ ಮೂತಿಗೆ ಸಿಕ್ಕಿಸಿ 10 ಇಂಚು ಪಾದರಸದಷ್ಟು ಎಳೆದು ಒಂದು ನಿಮಿಷ ಬಿಡಿ. ಮುಳ್ಳು ಇಳಿದರೆ ವಾಲ್ವು ಸರಿಯಾಗಿ ಮುಚ್ಚುತ್ತಿಲ್ಲ. ಅದನ್ನು ಹಾಕಿದರೆ ಒಂದು ಟ್ಯಾಂಕು ಖಾಲಿಯಾದ ಕೂಡಲೇ ಅದರ ಮೂಲಕ ಗಾಳಿ ಬಂದು, ತುಂಬಿದ ಟ್ಯಾಂಕಿನಲ್ಲೂ ಎಂಜಿನ್ ಕೆಮ್ಮುತ್ತದೆ. ಕೊನೆಗೆ ಅರ್ಧ ಗಂಟೆ ಕರೆಂಟಿನಲ್ಲೇ ಬಿಟ್ಟು, ಬಿಸಿಯಾದ ಮೇಲೂ ಪ್ಲಂಜರು ಹಿಡಿದೇ ಇದೆಯೇ ನೋಡಿ. ತಣ್ಣಗಿದ್ದಾಗ ಚೆನ್ನಾಗಿ ಎಳೆದು ಬಿಸಿಯಾದಾಗ ಕೈಬಿಡುವ ಸುರುಳಿಯನ್ನು ರಸ್ತೆಯಲ್ಲಿ ಪತ್ತೆ ಮಾಡುವುದು ಬಹಳ ಕಷ್ಟ.

ಆರು ಮೂತಿಯ ಮೋಟಾರ್ ವಾಲ್ವು

ಇಂಜೆಕ್ಷನ್ ಹಾಕಿದ ಗಾಡಿಯಲ್ಲಿ ಪಂಪು ಎಂಜಿನ್ನಿಗೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಪೆಟ್ರೋಲ್ ತಳ್ಳುತ್ತದೆ, ಉಳಿದದ್ದು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸು ಬರುತ್ತದೆ. ಹಾಗಾಗಿ ಹೋಗುವ ದಾರಿಯ ಜೊತೆ ಬರುವ ದಾರಿಯನ್ನೂ ಒಟ್ಟಿಗೆ ಬದಲಿಸಬೇಕು. ಮೂರು ಹೋಗಲು, ಮೂರು ಬರಲು, ಒಟ್ಟು ಆರು ಮೂತಿ. ಪೊಲ್ಯಾಕ್ 42-159 ಈ ಜಾತಿಯಲ್ಲಿ ಹೆಚ್ಚು ಬಳಕೆಯಲ್ಲಿರುವ ಹೆಸರು. ಇದೇ ಬಗೆಯ ವಾಲ್ವು 1987ರಿಂದ 1991ರವರೆಗಿನ ಎರಡು ಟ್ಯಾಂಕಿನ ಶೆವ್ರೊಲೆ ಆರ್/ವಿ ಸರಣಿಯ ಪಿಕಪ್ಪುಗಳಲ್ಲಿ ಕಂಪನಿಯಿಂದಲೇ ಬರುತ್ತಿತ್ತು, ಆದ್ದರಿಂದ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿದರೆ ಗೊತ್ತಿರುತ್ತದೆ.

'ಮೂರು ಮೂತಿಯದನ್ನೇ ಇಟ್ಟುಕೊಂಡು ರಿಟರ್ನನ್ನು ಮುಖ್ಯ ಟ್ಯಾಂಕಿಗೆ ಕಾಯಂ ಮಾಡಿಬಿಟ್ಟರೆ ಏನಾಗುತ್ತದೆ' ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕೋಣ. ಇಂಜೆಕ್ಷನ್ ಕಿಟ್ಟುಗಳ ಜೊತೆ ಸಾಮಾನ್ಯವಾಗಿ ಬರುವುದು ಗಂಟೆಗೆ 255 ಲೀಟರಿನ ಪಂಪು. ಈ ಗಾಡಿ ಗ್ಯಾಲನ್ನಿಗೆ 9 ಮೈಲಿ ಕೊಡುತ್ತದೆ ಎಂದಿಟ್ಟುಕೊಂಡು 55 ಮೈಲಿ ವೇಗದಲ್ಲಿ ಹೋದರೆ ಎಂಜಿನ್ ಕುಡಿಯುವುದು ಗಂಟೆಗೆ ಸುಮಾರು 23 ಲೀಟರ್. ಒತ್ತಡದಲ್ಲಿ ಪಂಪಿನ ಹರಿವು ತುಸು ಕಡಿಮೆಯಾದರೂ ಗಂಟೆಗೆ 200 ಲೀಟರಿನಷ್ಟು ವಾಪಸು ಬರುತ್ತದೆ. ಎರಡನೆಯ ಟ್ಯಾಂಕಿನಿಂದ ಎಳೆದು ಮುಖ್ಯ ಟ್ಯಾಂಕಿಗೆ ಬಿಟ್ಟರೆ, ಅರ್ಧ ತುಂಬಿದ ಮುಖ್ಯ ಟ್ಯಾಂಕು ಕಾಲು ಗಂಟೆಯೊಳಗೆ ತುಂಬಿ, ತುಂಬಿಸುವ ಬಾಯಿ ಮತ್ತು ಗಾಳಿ ಕೊಳವೆಗಳ ಕಡೆಗೆ ಉಕ್ಕುತ್ತದೆ. ಅಡಿಯಲ್ಲಿ ಬಿಸಿ ಸೈಲೆನ್ಸರ್ ಪೈಪು, ಪಕ್ಕದಲ್ಲಿ ಗ್ಯಾಸಿನ ಫ್ರಿಜ್ಜು. ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಮೋಟಾರ್ ವಾಲ್ವಿಗೆ ಕರೆಂಟು ಬೇಕಾಗುವುದು ದಾರಿ ಬದಲಿಸುವ ಗಳಿಗೆಯಲ್ಲಿ ಮಾತ್ರ. ಎರಡು ವಯರಿಗೆ ಪ್ಲಸ್ ಮೈನಸ್ ಕೊಟ್ಟರೆ ಒಂದು ಕಡೆ ತಿರುಗಿ ನಿಲ್ಲುತ್ತದೆ, ಅದಲುಬದಲು ಮಾಡಿ ಕೊಟ್ಟರೆ ಇನ್ನೊಂದು ಕಡೆ. ಹಳೆಯ ಡ್ಯಾಶ್‌ಬೋರ್ಡ್ ಸ್ವಿಚ್ಚು ಒಂದೇ ವಯರಿಗೆ ಕರೆಂಟು ಕೊಟ್ಟು ತೆಗೆಯುವಂಥದ್ದು, ಅದು ಇಲ್ಲಿ ಕೆಲಸಕ್ಕೆ ಬಾರದು. ಆರು ಕಾಲಿನ, ಎರಡೂ ಕಡೆ ಆನ್ ಆಗುವ ಸ್ವಿಚ್ಚು ತಂದು, ಮೂಲೆಯ ಕಾಲುಗಳನ್ನು ಕತ್ತರಿಯಾಕಾರದಲ್ಲಿ ಜೋಡಿಸಿ, ನಡುವಿನ ಎರಡು ಕಾಲುಗಳಿಂದ ವಾಲ್ವಿಗೆ ವಯರು ಎಳೆಯಬೇಕು. ಮೈನಸ್ಸು ಸ್ವಿಚ್ಚಿನ ಮೂಲಕವೇ ಹೋಗುವುದರಿಂದ ಸ್ವಿಚ್ಚಿನ ಅರ್ತ್ ಚೆನ್ನಾಗಿರಬೇಕು, ವಾಲ್ವಿನ ಬಳಿ ಅರ್ತ್ ಕೊಟ್ಟು ಪ್ರಯೋಜನವಿಲ್ಲ. ಹಳೆಯ ಗಾಡಿಗೆ ಇದನ್ನು ಹಾಕುವವರು ಎಡವುವುದು ಇಲ್ಲೇ. ವಾಲ್ವು ಒಂದು ಸಲ ತಿರುಗುತ್ತದೆ, ಮರಳಿ ಬರುವುದಿಲ್ಲ, 'ಹೊಸ ವಾಲ್ವೇ ಕೆಟ್ಟದ್ದು' ಎಂದು ವಾಪಸು ಕಳಿಸುತ್ತಾರೆ.

ಉಳಿದ ಮೂರು ವಯರು ಗೇಜಿಗೆ: ಎರಡು ಟ್ಯಾಂಕಿನೊಳಗೆ ಮಟ್ಟ ಅಳೆಯುವ ಫ್ಲೋಟುಗಳಿಂದ ಒಂದೊಂದು ಬಂದು, ಒಂದು ಮುಳ್ಳಿಗೆ ಹೋಗುತ್ತದೆ. ಗೇಜನ್ನು ಬದಲಿಸುವುದು ವಾಲ್ವಿನೊಳಗಿನ ಸಂಪರ್ಕವೇ ಆದ್ದರಿಂದ ಮುಳ್ಳು ಬದಲಾದರೆ ವಾಲ್ವು ನಿಜವಾಗಿ ತಿರುಗಿದೆ ಎಂದೇ ಅರ್ಥ. ಮೂರು ಮೂತಿಯದಕ್ಕಿಂತ ಇದು ಮೇಲು ಎನ್ನಲು ಈ ಒಂದು ಕಾರಣವೇ ಸಾಕು. ಮಲ್ಟಿಮೀಟರ್ ಹಿಡಿದು ಯಾವ ಸ್ಥಾನದಲ್ಲಿ ಯಾವ ಫ್ಲೋಟಿನ ಪಿನ್ನು ಮುಳ್ಳಿನ ಪಿನ್ನಿಗೆ ಸೇರುತ್ತದೆ ಎಂದು ಮೊದಲೇ ಗುರುತು ಹಾಕಿಕೊಳ್ಳಿ. ಇಲ್ಲದಿದ್ದರೆ ಮುಖ್ಯ ಟ್ಯಾಂಕಿನಲ್ಲಿ ಓಡುತ್ತಾ ಎರಡನೆಯ ಟ್ಯಾಂಕಿನ ಮಟ್ಟ ನೋಡುತ್ತಿರುತ್ತೀರಿ.

ಕುಂದುಗಳೂ ಇವೆ. ಮೂತಿಗಳು ಪ್ಲಾಸ್ಟಿಕ್ಕಿನವು, ಹೋಸನ್ನು ಜಗ್ಗಿ ಎಳೆದರೆ ಬುಡದಲ್ಲಿ ಮುರಿಯುತ್ತವೆ. ಬ್ಯಾಟರಿ ಇಳಿದಿದ್ದಾಗ ಮೋಟಾರು ನಡುದಾರಿಯಲ್ಲಿ ನಿಂತರೆ ಎರಡೂ ಕಡೆ ಅರೆಬರೆ ತೆರೆದಿರುತ್ತದೆ. ಬೆಲೆಯೂ ಹೆಚ್ಚು. ಇನ್ನು ಒತ್ತಡದ ಪ್ರಶ್ನೆ: ಪ್ರತಿ ಟ್ಯಾಂಕಿನೊಳಗೂ ಪಂಪು ಇದ್ದರೆ 58 ಪಿಎಸ್‌ಐ ಆಸುಪಾಸಿನ ಒತ್ತಡವನ್ನು ವಾಲ್ವೇ ತಡೆಯಬೇಕಾಗುತ್ತದೆ. ಟ್ಯಾಂಕಿನ ಹೊರಗೆ, ವಾಲ್ವಿನ ನಂತರ ಒಂದೇ ಪಂಪು ಇದ್ದರೆ ವಾಲ್ವಿಗೆ ಬರುವುದು ಹೀರುವ ಎಳೆತ ಮಾತ್ರ. ಕೊಳ್ಳುವ ವಾಲ್ವು ಎಷ್ಟು ಒತ್ತಡಕ್ಕೆ ಎಂದು ತಯಾರಕರ ಹಾಳೆಯಲ್ಲಿ ಓದಿಯೇ ಪಂಪಿನ ಜಾಗ ನಿರ್ಧರಿಸಿ. ಎರಡನೆಯ ವಿಧಾನದಲ್ಲಿ ಪಂಪನ್ನು ಟ್ಯಾಂಕಿಗೆ ಆದಷ್ಟು ಹತ್ತಿರ, ಆದಷ್ಟು ಕೆಳಗೆ ಕೂರಿಸಬೇಕು. ಇಂಜೆಕ್ಷನ್ ಪಂಪಿಗೆ ತಳ್ಳುವ ಬಲ ಉಂಟು, ಹೀರುವ ಬಲ ಕಡಿಮೆ.

ಕೈ ವಾಲ್ವು

ದೋಣಿಗಳಿಗೆ ಮಾರುವ ಹಿತ್ತಾಳೆಯ ಮೂರು ದಾರಿಯ, ನಲ್ಲಿಯಂತೆ ಹಿಡಿ ತಿರುಗಿಸುವ ವಾಲ್ವು ಇದು. ಕರೆಂಟು ಬೇಡ, ಸುರುಳಿ ಸುಡುವುದಿಲ್ಲ, ಹಿಡಿ ಯಾವ ಕಡೆ ಇದೆಯೋ ಪೆಟ್ರೋಲು ಅದೇ ಕಡೆಯಿಂದ. ಆದರೆ ಚಾಲಕನ ಕೈಗೆ ಸಿಗಬೇಕೆಂದು ಪೆಟ್ರೋಲ್ ಪೈಪನ್ನು ಗಾಡಿಯೊಳಗೆ ತರುವುದು ಸಲ್ಲದು. ಹೊರಗೆ ಚಾಸಿಗೆ ಬಿಗಿದರೆ ಟ್ಯಾಂಕು ಬದಲಿಸಲು ಹೈವೇಯಲ್ಲಿ ಇಳಿದು ಬಗ್ಗಬೇಕು. ಹಾಕುವುದಾದರೆ ತಿರುಪಿನ ಎಳೆಗಳಿಗೆ ಪೆಟ್ರೋಲ್ ತಾಳುವ ಪೇಸ್ಟ್ ಬಳಸಿ, ನಲ್ಲಿಗೆ ಸುತ್ತುವ ಬಿಳಿ ಟೇಪು ಬೇಡ. ಅದರ ಒಂದು ಎಳೆ ಕಾರ್ಬೊರೇಟರಿನ ಸೂಜಿಯಡಿ ಸಿಕ್ಕಿಕೊಂಡರೆ ಪೆಟ್ರೋಲ್ ಉಕ್ಕಿ ಹರಿಯುತ್ತದೆ.

ತಪ್ಪು ವಾಲ್ವಿನದೇ?

ಸದ್ದಿಲ್ಲದ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಕೀ ಮಾತ್ರ ಆನ್ ಮಾಡಿ. ಒಬ್ಬರು ಸ್ವಿಚ್ಚು ಒತ್ತಲಿ, ಇನ್ನೊಬ್ಬರು ವಾಲ್ವಿನ ಬಳಿ ಕಿವಿಗೊಡಲಿ. ಟಕ್ ಸದ್ದು ಬಂದರೆ ಸುರುಳಿ ಬದುಕಿದೆ. ಬಾರದಿದ್ದರೆ ವಾಲ್ವಿನ ವಯರಿನಲ್ಲಿ 12 ವೋಲ್ಟ್ ಇದೆಯೇ ನೋಡಿ. ಇದ್ದರೆ, ಬ್ಯಾಟರಿ ಮೈನಸ್ಸಿನಿಂದ ಒಂದು ವಯರನ್ನು ನೇರವಾಗಿ ವಾಲ್ವಿನ ಮೈಗೆ ತಾಗಿಸಿ. ಆಗ ಟಕ್ ಎಂದರೆ ಕೆಟ್ಟದ್ದು ಅರ್ತ್. ಹಳೆಯ ವಾಲ್ವುಗಳು ಬಿಗಿದ ಬೋಲ್ಟಿನ ಮೂಲಕವೇ ಅರ್ತ್ ತೆಗೆದುಕೊಳ್ಳುತ್ತವೆ, ಆ ಬೋಲ್ಟಿನಡಿ ಐವತ್ತು ವರ್ಷದ ತುಕ್ಕು, ಅದರ ಮೇಲೆ ಯಾರೋ ಬಳಿದ ಕಪ್ಪು ಬಣ್ಣ. ಮರಳು ಕಾಗದದಲ್ಲಿ ಉಜ್ಜಿ, ನಕ್ಷತ್ರ ವಾಶರ್ ಹಾಕಿ ಬಿಗಿದರೆ ವಾಲ್ವಿನ ಖರ್ಚು ಉಳಿಯುತ್ತದೆ. ಹಾಗೆ ಮಾಡಿದರೂ ಸದ್ದಿಲ್ಲ ಎಂದರೆ ಸುರುಳಿಯ ರೆಸಿಸ್ಟೆನ್ಸ್ ಅಳೆಯಿರಿ, ಮೀಟರು ಅಲ್ಲಾಡದಿದ್ದರೆ ಒಳಗೆ ತಂತಿ ಕಡಿದಿದೆ.

ಟಕ್ ಸದ್ದು ಬಂದೂ ಎರಡನೆಯ ಟ್ಯಾಂಕಿನಲ್ಲಿ ಎಂಜಿನ್ ಓಡುತ್ತಿಲ್ಲ ಎಂದರೆ ಅನುಮಾನ ಹೋಸಿನ ಮೇಲೆ. ವಾಲ್ವಿನಿಂದ ಆ ಟ್ಯಾಂಕಿನ ಹೋಸು ಬಿಚ್ಚಿ, ಎಂಜಿನ್ನಿನ ಹೋಸಿಗೆ ಹಿತ್ತಾಳೆ ಜಾಯಿನರಿನಿಂದ ನೇರ ಸೇರಿಸಿ. ಆಗಲೂ ಕೆಮ್ಮಿದರೆ ವಾಲ್ವು ನಿರ್ದೋಷಿ. ಟ್ಯಾಂಕಿನ ತಲೆಯ ಮೇಲಿರುವ ಮೊಣಕೈ ಉದ್ದದ ರಬ್ಬರು ಬಿರುಕು ಬಿಟ್ಟಿದೆ, ಇಲ್ಲವೇ ಒಳಗಿನ ಜಾಲರಿ ಕಟ್ಟಿದೆ. ಎರಡಕ್ಕೂ ಟ್ಯಾಂಕು ಇಳಿಸಲೇಬೇಕು.

ಪರೀಕ್ಷೆ ಮಾಡುವಾಗ ಕಾರ್ಬೊರೇಟರಿನ ಬಟ್ಟಲು ಮೋಸ ಮಾಡುತ್ತದೆ. ಸ್ವಿಚ್ಚು ಬದಲಿಸಿದ ಮೇಲೂ ಬಟ್ಟಲಲ್ಲಿ ಮತ್ತು ಪೈಪಿನಲ್ಲಿ ಉಳಿದ ಪೆಟ್ರೋಲಿನಲ್ಲಿ ಗಾಡಿ ಸ್ವಲ್ಪ ದೂರ ಸಲೀಸಾಗಿ ಓಡುತ್ತದೆ. ಮನೆ ಮುಂದೆ ಎರಡು ನಿಮಿಷ ಓಡಿಸಿ 'ಸರಿಯಾಯ್ತು' ಎನ್ನಬೇಡಿ, ಪ್ರತಿ ಟ್ಯಾಂಕಿನಲ್ಲೂ ಕನಿಷ್ಠ ಹತ್ತು ನಿಮಿಷ ಬೇಕು.

ಬಿಸಿಲಲ್ಲಿ ಏರು ಹತ್ತುವಾಗ ಮಾತ್ರ ಎಂಜಿನ್ ಸೊರಗುತ್ತದೆ, ಅರ್ಧ ಗಂಟೆ ನಿಲ್ಲಿಸಿದರೆ ತಾನೇ ಸರಿಹೋಗುತ್ತದೆ ಎಂದರೆ ಅದು ವೇಪರ್ ಲಾಕು, ಅಂದರೆ ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ದಾರಿ ಕಟ್ಟುವುದು. ಅಂಬಾಸಿಡರಿನ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಘಾಟಿ ಹತ್ತಿಸಿದವರಿಗೆ ಇದರ ಪರಿಚಯ ಇದ್ದೇ ಇದೆ. ಯಾವ ವಾಲ್ವು ಹಾಕಿದರೂ ಅದು ಹೋಗದು. ಟ್ಯಾಂಕಿನ ಬಳಿ ಕಾರ್ಟರ್ ಪಿ4070ಯಂಥ ಕಡಿಮೆ ಒತ್ತಡದ ಎಲೆಕ್ಟ್ರಿಕ್ ಪಂಪು ಹಾಕಿ ಹಿಂದಿನಿಂದ ತಳ್ಳಿದರೆ ಹೋಗುತ್ತದೆ. ಪಂಪಿನ ಕರೆಂಟನ್ನು ಆಯಿಲ್ ಪ್ರೆಶರ್ ಸ್ವಿಚ್ಚಿನ ಮೂಲಕ ಕೊಡಿ, ಅಪಘಾತದಲ್ಲಿ ಎಂಜಿನ್ ನಿಂತರೆ ಪಂಪೂ ನಿಲ್ಲಬೇಕು.

ಗೇಜಿನ ದೂರುಗಳನ್ನು ಬೇರೆಯಾಗಿ ನೋಡಿ. ಜಿಎಂ ಗಾಡಿಗಳ ಫ್ಲೋಟು ಖಾಲಿಯಲ್ಲಿ 0 ಓಮ್, ತುಂಬಿದಾಗ 90 ಓಮ್. ವಯರು ಕಡಿದರೆ ಅಥವಾ ಟ್ಯಾಂಕಿನ ಅರ್ತ್ ಹೋದರೆ ಮುಳ್ಳು ತುಂಬಿದ ಗುರುತನ್ನೂ ದಾಟಿ ನಿಲ್ಲುತ್ತದೆ. ಎಷ್ಟು ಓಡಿಸಿದರೂ ಇಳಿಯದ ಮುಳ್ಳನ್ನು ಕಂಡು ಸಂತೋಷಪಡಬೇಡಿ.

ಬದಲಾಯಿಸುವಾಗ

ಗ್ಯಾಸಿನಿಂದ ಶುರುಮಾಡಿ. ಮೋಟರ್‌ಹೋಮಿನಲ್ಲಿ ಫ್ರಿಜ್ಜು, ಗೀಸರು, ಹೀಟರು ಪ್ರೊಪೇನಿನವಾಗಿರಬಹುದು, ಒಳಗೆ ಸಣ್ಣ ಉರಿ ಸದಾ ಇರಬಹುದು. ಸಿಲಿಂಡರಿನ ಬುಡದಲ್ಲೇ ವಾಲ್ವು ಮುಚ್ಚಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ಆ ಉರಿಯ ಕಿಂಡಿ ತಲುಪುತ್ತದೆ. ಆಮೇಲೆ ಎಂಜಿನ್ನಿನ ಮತ್ತು ಮನೆಯ ಭಾಗದ ಎರಡೂ ಬ್ಯಾಟರಿಗಳ ಮೈನಸ್ ಬಿಚ್ಚಿ. ಪೆಟ್ರೋಲ್ ಬೆಂಕಿಗೆ ಆಗುವ ಆರಿಸುವ ಸಿಲಿಂಡರು ಕೈಗೆಟುಕುವಲ್ಲಿರಲಿ, ಬಲ್ಬಿನ ಲ್ಯಾಂಪಿನ ಬದಲು ಎಲ್‌ಇಡಿ ಟಾರ್ಚು ಬಳಸಿ.

ಗಾಡಿಯಡಿ ನುಗ್ಗುವ ಮೊದಲು ಚಾಸಿಗೆ ಸ್ಟ್ಯಾಂಡು ಕೊಡಿ. ಹಿಂದಿನ ಗಾಳಿಚೀಲದಲ್ಲಿ ಗಾಳಿ ಇದೆ ಎಂದು ನಂಬಿ ಕೆಳಗೆ ಮಲಗುವುದು ಪ್ರಾಣಕ್ಕೆ ಸಂಚಕಾರ. ಚೀಲ ಇಳಿದರೆ ಇಡೀ ಗಾಡಿ ಎದೆಯ ಮೇಲೆ.

ಟ್ಯಾಂಕಿನಲ್ಲಿ ಪೆಟ್ರೋಲ್ ಕಾಲುಭಾಗಕ್ಕಿಂತ ಕಡಿಮೆ ಇರುವಾಗ ಕೆಲಸ ಹಿಡಿಯಿರಿ. ತುಂಬಿದ ಒಂದು ಟ್ಯಾಂಕಿನ ಪೆಟ್ರೋಲೇ 70 ಕೆಜಿ ತೂಗುತ್ತದೆ, ಹೋಸು ಬಿಚ್ಚಿದ ಕೂಡಲೇ ತಾನಾಗಿ ಸುರಿಯಲು ಹಿಡಿಯುವ ಸಾಧ್ಯತೆಯೂ ಹೆಚ್ಚು. ಬಿಚ್ಚುವ ಮೊದಲು ಪ್ರತಿ ಹೋಸಿಗೂ ಟೇಪು ಸುತ್ತಿ ಹೆಸರು ಬರೆಯಿರಿ, ಫೋಟೋ ತೆಗೆಯಿರಿ. ಜನರೇಟರಿಗೆ ಹೋಗುವ ಪೈಪು ಈ ವಾಲ್ವನ್ನು ಹಾದುಹೋಗದೆ ಟ್ಯಾಂಕಿನಿಂದ ನೇರ ಬರುತ್ತದೆ, ಅದನ್ನು ಇದರ ಪೈಪೆಂದು ತಿಳಿದು ಸೇರಿಸಿದವರುಂಟು.

ಹಳೆಯ ಹೋಸನ್ನು ಜಗ್ಗಬೇಡಿ. ಮೂತಿಯ ಉದ್ದಕ್ಕೆ ಬ್ಲೇಡಿನಿಂದ ಸೀಳಿ, ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿಯಿರಿ. ಒಣಗಿದ ಹೋಸನ್ನು ಇಕ್ಕಳದಲ್ಲಿ ಹಿಸುಕಿ ಪೆಟ್ರೋಲ್ ತಡೆಯಲು ಹೋದರೆ ಅದು ಅಲ್ಲೇ ಸೀಳುತ್ತದೆ. ನಯವಾದ ದಂಡಿನ 3/8 ಇಂಚಿನ ಬೋಲ್ಟು ತುರುಕುವುದು ಉತ್ತಮ. ವಾಲ್ವಿನ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಸ್ಪ್ಯಾನರುಗಳೆಲ್ಲ ಇಂಚಿನ ಅಳತೆಯವು ಬೇಕು, ಮಿಲಿಮೀಟರಿನವು ನಟ್ಟಿನ ಮೂಲೆ ಉರುಟು ಮಾಡುತ್ತವೆ.

ಹೋಸಿನಲ್ಲಿ ಜಿಪುಣತನ ಬೇಡ. ಕಾರ್ಬೊರೇಟರಿಗೆ ಎಸ್‌ಎಇ ಜೆ30ಆರ್7 ದರ್ಜೆಯ ಹೋಸು ಸಾಕು ಎಂದು ಅಂಗಡಿಯವರು ಹೇಳುತ್ತಾರೆ, ಒತ್ತಡದ ಲೆಕ್ಕದಲ್ಲಿ ಅದು ಸರಿ. ಆದರೆ ಎಥನಾಲ್ ಸೇರಿದ ಪೆಟ್ರೋಲಿಗೆ ಜೆ30ಆರ್9 ಅಥವಾ ಆವಿ ಕಡಿಮೆ ಬಿಡುವ ಜೆ30ಆರ್14 ಹೆಚ್ಚು ಬಾಳುತ್ತದೆ. ಇಂಜೆಕ್ಷನ್ನಿನ ಒತ್ತಡದ ಭಾಗಕ್ಕಂತೂ ಆರ್9 ಕಡ್ಡಾಯ. ಟ್ಯಾಂಕಿನೊಳಗೆ ಮುಳುಗುವ ತುಂಡಿಗೆ ಇವ್ಯಾವೂ ಆಗವು, ಆರ್10 ಎಂದು ಬೇರೆಯೇ ಬರುತ್ತದೆ. ವಾಲ್ವಿನ ಸುತ್ತ ಮಾತ್ರ ಬದಲಾಯಿಸಿದರೆ ಆರೇಳು ಅಡಿ ಬೇಕಾದೀತು. ಟ್ಯಾಂಕು ಇಳಿಸುವ ಮನಸ್ಸಿದ್ದರೆ ಗಾಳಿ ಕೊಳವೆ, ತುಂಬಿಸುವ ದಪ್ಪ ಹೋಸು ಎಲ್ಲವನ್ನೂ ಅಳೆದು ಒಂದೇ ಸಲ ತರಿಸಿ, ಆ ಕೆಲಸ ಎರಡನೇ ಸಲ ಮಾಡುವಂಥದ್ದಲ್ಲ.

ಪಟ್ಟಿಯಲ್ಲಿ ತೂತುಗಳಿರುವ ಮಾಮೂಲಿ ಕ್ಲ್ಯಾಂಪು ರಬ್ಬರನ್ನು ತುರಿಯುತ್ತದೆ. ಅಂಚು ಮಡಚಿದ, ಒಳಮೈ ನಯವಾಗಿರುವ ಇಂಜೆಕ್ಷನ್ ಕ್ಲ್ಯಾಂಪು ಕೊಳ್ಳಿ. ಪ್ಲಾಸ್ಟಿಕ್ ಮೂತಿಯ ಮೇಲೆ ಹೋಸು ಕೈಯಲ್ಲಿ ತಿರುಗದಷ್ಟು ಬಿಗಿಯಾದರೆ ಸಾಕು.

ವಾಲ್ವುಗಳನ್ನು ಕೊಲ್ಲುವುದು ಹೆಚ್ಚಾಗಿ ಬಳಸದ ಟ್ಯಾಂಕಿನ ತುಕ್ಕು ಮತ್ತು ಹಳಸಿ ಅಂಟಾದ ಪೆಟ್ರೋಲು. ಆದ್ದರಿಂದ ಫಿಲ್ಟರನ್ನು ವಾಲ್ವಿನ ನಂತರ ಒಂದೇ ಹಾಕುವ ಬದಲು ಪ್ರತಿ ಟ್ಯಾಂಕಿಗೂ ವಾಲ್ವಿನ ಮೊದಲು ಒಂದೊಂದು ಹಾಕಿ. ಹೀರುವ ಕಡೆ ಸೂಕ್ಷ್ಮ ಫಿಲ್ಟರು ಉಸಿರು ಕಟ್ಟಿಸುತ್ತದೆ, ಇಂಜೆಕ್ಷನ್ ಗಾಡಿಯಲ್ಲಿ ಪಂಪಿನ ಮೊದಲು 100 ಮೈಕ್ರಾನಿನ ಜಾಲರಿ, ಪಂಪಿನ ನಂತರ 10 ಮೈಕ್ರಾನಿನದು ಇರಲಿ. ತಿಂಗಳಿಗೊಮ್ಮೆಯಾದರೂ ಎರಡೂ ಟ್ಯಾಂಕಿನಲ್ಲಿ ಓಡಿಸಿ. ಮುಖ್ಯ ಟ್ಯಾಂಕಿನಲ್ಲೇ ವರ್ಷವಿಡೀ ತಿರುಗಾಡಿ, ಒಂದು ದಿನ ದೂರದೂರಿನಲ್ಲಿ ಎರಡನೆಯದಕ್ಕೆ ಹೊರಳಿಸಿದರೆ ಪ್ಲಂಜರು ಏಕೆ ಎದ್ದೀತು?

ಎಲ್ಲ ಸೇರಿಸಿದ ಮೇಲೆ ಪ್ರತಿ ಕೀಲನ್ನೂ ಟಿಶ್ಯೂ ಕಾಗದದಿಂದ ಒರೆಸಿ, ಎಂಜಿನ್ ಓಡಿಸಿ, ಮತ್ತೆ ಒರೆಸಿ. ಆರು ಮೂತಿಯದಾದರೆ ಎರಡೂ ಟ್ಯಾಂಕುಗಳ ಮಟ್ಟ ಬರೆದುಕೊಂಡು ಕಾಲು ಗಂಟೆ ಒಂದರಲ್ಲೇ ಓಡಿಸಿ. ಇನ್ನೊಂದರ ಮಟ್ಟ ಏರುತ್ತಿದ್ದರೆ ರಿಟರ್ನ್ ಹೋಸುಗಳು ಅದಲುಬದಲಾಗಿವೆ, ಗಾಡಿಯನ್ನು ರಸ್ತೆಗೆ ತರಬೇಡಿ. ನೂರು ಮೈಲಿ ಓಡಿದ ಮೇಲೆ ಕ್ಲ್ಯಾಂಪುಗಳನ್ನು ಮತ್ತೊಮ್ಮೆ ಬಿಗಿಯಿರಿ, ಹೊಸ ರಬ್ಬರು ಸ್ವಲ್ಪ ಕೂರುತ್ತದೆ.

ಇಷ್ಟೆಲ್ಲ ಮಾಡಿದರೂ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ 3/8 ಇಂಚಿನ ಹಿತ್ತಾಳೆ ಜಾಯಿನರು ಒಂದು, ಕ್ಲ್ಯಾಂಪು ನಾಲ್ಕು, ತಿರುಪುಳಿ ಒಂದು ಇಟ್ಟಿರಿ. ಇಂಜೆಕ್ಷನ್ ಗಾಡಿಯಾದರೆ ರಿಟರ್ನ್ ಪೈಪಿನ ಅಳತೆಯ ಇನ್ನೊಂದು ಜಾಯಿನರೂ ಬೇಕು. ದಾರಿಯಲ್ಲಿ ವಾಲ್ವು ಸತ್ತರೆ ಪೆಟ್ರೋಲ್ ಇರುವ ಟ್ಯಾಂಕಿನ ಹೋಸನ್ನು ಎಂಜಿನ್ನಿನ ಹೋಸಿಗೆ, ಅದೇ ಟ್ಯಾಂಕಿನ ರಿಟರ್ನನ್ನು ರಿಟರ್ನಿಗೆ ಸೇರಿಸಿ, ಉಳಿದ ಹೋಸುಗಳ ಬಾಯಿಗೆ ಬೋಲ್ಟು ತುರುಕಿ ಕ್ಲ್ಯಾಂಪು ಬಿಗಿದರೆ ಗಾಡಿ ಮುಂದಿನ ಊರು ಸೇರುತ್ತದೆ.